ಪ್ರಶ್ನೋತ್ತರ: ಸ್ಪ್ರೇ ಡಬ್ಬಿಯಿಂದ ಮುಖ ಕಾಣುವಂಥ ಕ್ರೋಮ್ ಬರುತ್ತದಾ?

ಅಡ್ಮಿನ್: ಮಾಡೆಲ್, ಆಟಿಕೆ, ಅಲಂಕಾರದ ಸಾಮಾನಿಗೆ ಕನ್ನಡಿಯಂಥ ಕ್ರೋಮ್ ಹೊಳಪು ತರುವುದು ಹೇಗೆ ಅಂತ ತುಂಬ ಜನ ಕೇಳುತ್ತಿದ್ದಿರಿ. ಶಿವಮೊಗ್ಗದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ನಮ್ಮ ಪೇಂಟರ್ ಅಣ್ಣ ಇವತ್ತು ಉತ್ತರ ಕೊಡುತ್ತಾರೆ. ಪ್ರಶ್ನೆ ಇಲ್ಲೇ ಕೆಳಗೆ ಹಾಕಿ.

ಕೊಪ್ಪ ಬಸ್ ಮಾಡೆಲ್: ಅಣ್ಣ, ನಮಸ್ಕಾರ. ಸಹಕಾರ ಸಾರಿಗೆ ಬಸ್ಸಿನ ಮಾಡೆಲ್ ಮಾಡುತ್ತಿದ್ದೇನೆ. ಬಂಪರ್, ವೀಲ್ ಕಪ್ ಪಳಪಳ ಅನ್ನಬೇಕು. ಡಬ್ಬಿ ಮೇಲೆ ಕ್ರೋಮ್ ಅಂತಲೇ ಇತ್ತು. ಹೊಡೆದರೆ ಬರೀ ಬೂದು ಸಿಲ್ವರ್.

ಪೇಂಟರ್: ನಮಸ್ಕಾರ. ಡಬ್ಬಿಯಲ್ಲಿ ಇರುವುದು ಕ್ರೋಮಿಯಂ ಅಲ್ಲ, ಅಲ್ಯೂಮಿನಿಯಂ ಚೂರು. ಅದು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಸಪಾಟಾಗಿ ಮಲಗಿದರೆ ಮುಖ ಕಾಣುತ್ತದೆ. ಅಡ್ಡಾದಿಡ್ಡಿ ಬಿದ್ದರೆ ಬೂದು. ಕ್ರೋಮ್ ಅಡಿಯಲ್ಲಿ ಏನು ಹಾಕಿದ್ದಿರಿ?

ಕೊಪ್ಪ ಬಸ್ ಮಾಡೆಲ್: ಗ್ರೇ ಪ್ರೈಮರ್ ಅಷ್ಟೇ.

ಪೇಂಟರ್: ಅಲ್ಲೇ ಕೆಟ್ಟಿದೆ. ಪ್ರೈಮರ್ ಒಣಗಿದ ಮೇಲೆ 800 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಪೇಪರ್) ಉಜ್ಜಿ. ಅದರ ಮೇಲೆ ಗ್ಲಾಸ್ ಬ್ಲ್ಯಾಕ್, ಅಂದರೆ ಹೊಳೆಯುವ ಕಪ್ಪು ಬಣ್ಣ, ತೆಳ್ಳಗೆ ಎರಡು ಮೂರು ಕೋಟ್. ಕನ್ನಡಿ ಬರುವುದು ಆ ಕಪ್ಪಿನಲ್ಲೇ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಲೈಟಿನ ಗೆರೆ ಕಪ್ಪಿನೊಳಗೆ ನೆಟ್ಟಗೆ, ಅಂಚು ಚೂಪಾಗಿ ಕಾಣಬೇಕು. ಗೆರೆ ಅಲುಗಿದ ಹಾಗೆ ಕಂಡರೆ ಮೈ ಇನ್ನೂ ಒರಟು. ಆಗ 1500, ಆಮೇಲೆ 2000 ಪೇಪರ್, ನೀರು ಹಾಕಿ ಉಜ್ಜಿ. ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ, ಜಿಡ್ಡು ಉಳಿಯದಂತೆ ತೊಳೆದು ಒರೆಸಿ. ಮೂಗಿನ ಹತ್ತಿರ ಹಿಡಿದರೆ ಬಣ್ಣದ ವಾಸನೆ ಬರಬಾರದು. ಬಂತಾ, ಇನ್ನೂ ಒಣಗಿಲ್ಲ. ಹಸಿ ಕಪ್ಪಿನ ಮೇಲೆ ಹೊಡೆದರೆ ಕ್ರೋಮ್ ಅದರೊಳಗೆ ಇಳಿದು ಮಂಕಾಗುತ್ತದೆ.

ಕ್ರೋಮ್ ಹೊಡೆಯುವಾಗ 15ರಿಂದ 20 ಸೆಂಟಿಮೀಟರ್ ದೂರ, ಇಬ್ಬನಿ ಬಿದ್ದಷ್ಟೇ. ಕಪ್ಪು ಮರೆಯಾಗುತ್ತಿದ್ದಂತೆ ನಿಲ್ಲಿಸಿ. ಇನ್ನೊಂದು ಕೈ ಹೊಡೆದರೆ ಹೊಳಪು ಜಾಸ್ತಿ ಆಗುವುದಿಲ್ಲ, ಬೂದು ಆಗುತ್ತದೆ. ಏರ್‌ಬ್ರಷ್ (ಸಣ್ಣ ಸ್ಪ್ರೇ ಗನ್) ಇದ್ದರೆ ಆಲ್‌ಕ್ಲಾಡ್ ಥರದ ಕ್ರೋಮ್ ಬಣ್ಣ ತರಿಸಿ, ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ ಸಾಕು.

ಭದ್ರಾವತಿ ಆರ್‌ಸಿ ಕಾರ್: ಕ್ರೋಮ್ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹೊಡೆಯಬಹುದಾ ಸರ್?

ಪೇಂಟರ್: ಬೇಡ. ಕ್ಲಿಯರ್‌ನಲ್ಲಿರುವ ಥಿನ್ನರ್ ಮಲಗಿದ ಚೂರನ್ನು ಮತ್ತೆ ಎಬ್ಬಿಸುತ್ತದೆ. ಅಲ್ಲಿಗೆ ಕನ್ನಡಿ ಹೋಯಿತು. ಕೈ ತಾಗದ ಜಾಗವಾದರೆ ಹಾಗೇ ಬಿಡಿ.

ಆಗುಂಬೆ ಕಡೆಯವ: ಗ್ಲಾಸ್ ಬ್ಲ್ಯಾಕ್ ಹೊಡೆದ ಸ್ವಲ್ಪ ಹೊತ್ತಿಗೆ ಹಾಲಿನ ಪೊರೆ ಕಟ್ಟಿದ ಹಾಗೆ ಬೆಳ್ಳಗಾಯಿತು. ಡಬ್ಬಿ ಹಳತಾ?

ಪೇಂಟರ್: ಡಬ್ಬಿಯದ್ದಲ್ಲ, ಮಳೆಯದ್ದು. ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬರುವ ಊರು ನಿಮ್ಮದು. ಆರಿದ್ರಾ, ಪುನರ್ವಸು ಮಳೆ ಹೊಯ್ಯುವಾಗ ಡಬ್ಬಿ ಹಿಡಿಯಲೇಬೇಡಿ. ಈಗ ಉಜ್ಜಿ ಇಡಿ, ಹೊಳವಾದ ಮೇಲೆ ಹೊಡೆಯಿರಿ.

ಸೊರಬ: ಇದಕ್ಕೊಂದು ಉಪಾಯ ಫಾರ್ವರ್ಡ್ ಆಗಿದೆ. ಡಬ್ಬಿಯನ್ನು ಬಚ್ಚಲ ಒಲೆ ಹತ್ತಿರ ಅರ್ಧ ಗಂಟೆ ಇಟ್ಟರೆ ಬಣ್ಣ ನೈಸಾಗಿ ಬರುತ್ತದಂತೆ.

ಪೇಂಟರ್: ಯಾರೂ ಮಾಡಬೇಡಿ. ಡಬ್ಬಿ ಮೇಲೆ 50 ಡಿಗ್ರಿ ದಾಟಬಾರದು ಅಂತ ಬರೆದಿರುತ್ತದೆ, ಓದಿ. ಒಳಗಿರುವುದು ಉರಿಯುವ ಗ್ಯಾಸ್. ಒಡೆದರೆ ಬಚ್ಚಲಮನೆ ಇರುವುದಿಲ್ಲ. ಬೇಕಿದ್ದರೆ ಕೈಗೆ ಬೆಚ್ಚಗೆ ಅನ್ನಿಸುವ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಅದಕ್ಕಿಂತ ಬಿಸಿ ಬೇಡ.

ಸಾಗರ ವೇಷಭೂಷಣ: ಯಕ್ಷಗಾನದ ಕಿರೀಟ, ಭುಜಕೀರ್ತಿಗೆ ಅಂಟಿಸಿದ ಹೊಳೆಯುವ ಬೇಗಡೆ ಕಿತ್ತು ಬರುತ್ತಿದೆ. ಈ ಕ್ರೋಮ್ ಹೊಡೆದರೆ?

ತೀರ್ಥಹಳ್ಳಿ: ವೇಷದ ಸಾಮಾನಿಗೆ ಸ್ಪ್ರೇನಾ ಮಾರಾಯ್ರೆ? ಬೇಗಡೆಯ ಹೊಳಪೇ ಬೇರೆ.

ಸಾಗರ ವೇಷಭೂಷಣ: ಬೇಗಡೆ ಅಂಟಿಸುವ ಕೈ ಎಲ್ಲಿದೆ ಹೇಳಿ. ಪ್ರತಿ ವರ್ಷ ಮಳೆಗಾಲದಲ್ಲಿ ರಿಪೇರಿ ನಮ್ಮ ತಲೆಗೇ ಬರುತ್ತದೆ.

ತೀರ್ಥಹಳ್ಳಿ: ಕಲಿಯಬೇಕು. ಕಲಿಯದೆ ಡಬ್ಬಿ ತಂದರೆ ಮುಂದಿನವರಿಗೆ ಉಳಿಯುವುದೇನು?

ಸಾಗರ ವೇಷಭೂಷಣ: ನೀವು ಬಂದು ಕಲಿಸಿ ಹಾಗಾದರೆ. ವೇಷ ಕಟ್ಟುವ ಚೌಕಿಗೆ ಬಂದು ಫೋಟೊ ತೆಗೆದು ಹೋಗುವವರೇ ಎಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ, ದಯವಿಟ್ಟು.

ಪೇಂಟರ್: ಬೇಗಡೆಯೇ ಒಳ್ಳೆಯದು. ಈ ಕ್ರೋಮ್ ಕೈಯ ಬೆವರಿಗೆ ಉದುರಿ ಬೆರಳಿಗೆ ಹತ್ತುತ್ತದೆ. ಕಿರೀಟವನ್ನು ದಿನಾ ಹಿಡಿದು ಕಟ್ಟುತ್ತೀರಿ ಅಲ್ವಾ?

ಹೊಸನಗರ: ಈ ಡಬ್ಬಿಗಳೆಲ್ಲ ಸುಮ್ನೆ ದುಡ್ಡು ದಂಡ. ನಾನು ಫಾರ್ವರ್ಡ್ ನೋಡಿ ಸಿಲ್ವರ್ ನೈಟ್ರೇಟ್, ಅಮೋನಿಯಾ, ಗ್ಲೂಕೋಸ್ ಬಳಸಿದೆ. ಗಾಜಿನ ಮೇಲೆ ನಿಜವಾದ ಕನ್ನಡಿಯೇ ಬಂತು. ಅಮೋನಿಯಾ ಬೆರೆಸಿದ್ದು ಉಳಿದಿದೆ. ಹೋದ ವಾರ ಬಾಟಲಿಗೆ ಹಾಕಿ ಬಚ್ಚಲ ಒಲೆಯ ಗೂಡಿನಲ್ಲಿಟ್ಟೆ. ಈಗ ತಳದಲ್ಲಿ ಕಪ್ಪು ಕೂತಿದೆ. ಅಲ್ಲಾಡಿಸಿ ಬಳಸಬಹುದಾ?

ಪೇಂಟರ್: ಅಲ್ಲಾಡಿಸಬೇಡಿ. ಮುಟ್ಟಬೇಡಿ. ಮುಚ್ಚಳ ತೆಗೆಯಬೇಡಿ. ಇದನ್ನು ಓದಿದ ಕೂಡಲೇ ಮನೆಯವರನ್ನೆಲ್ಲ ಬಚ್ಚಲಿನಿಂದ ದೂರ ಕಳಿಸಿ.

ನೀವು ಮಾಡಿದ್ದು ತಪ್ಪು ರಸಾಯನವಲ್ಲ, ಕನ್ನಡಿಗೆ ಬೆಳ್ಳಿ ಹಿಡಿಸುವುದು ಹಾಗೆಯೇ. ಆದರೆ ಸಿಲ್ವರ್ ನೈಟ್ರೇಟ್‌ಗೆ ಅಮೋನಿಯಾ ಬೆರೆಸಿದ್ದನ್ನು ಆಗಿಂದಾಗ ಮಾಡಿ ಆಗಲೇ ಮುಗಿಸಬೇಕು. ಇಟ್ಟರೆ ಸಿಲ್ವರ್ ನೈಟ್ರೈಡ್ ಹುಟ್ಟುತ್ತದೆ. ಅದು ಸಿಡಿಮದ್ದು. ತಾಗಿದರೆ, ಅಲುಗಿದರೆ ಸಿಡಿಯುತ್ತದೆ, ಒದ್ದೆಯಿದ್ದಾಗಲೂ. ಕಪ್ಪು ಕೂತಿದೆ ಅಂದಿರಿ, ಅದು ಬರೀ ಬೆಳ್ಳಿಯೂ ಆಗಿರಬಹುದು. ಕಣ್ಣಿನಲ್ಲಿ ನೋಡಿ ಹೇಳಲು ಆಗುವುದಿಲ್ಲ. ಪರೀಕ್ಷೆ ಮಾಡಲು ಹೋಗಬೇಡಿ. ಮುಚ್ಚಳದ ಅಂಚಿನಲ್ಲಿ ಒಣಗಿದ್ದು ಇದ್ದರೆ ತಿರುಗಿಸಿದ ತಿಕ್ಕಾಟವೇ ಸಾಕು. ನೀವಿಟ್ಟಿರುವುದು ಒಲೆಯ ಬಿಸಿಗೆ.

ಉರಿಯುತ್ತಿರುವ ಒಲೆ ನಂದಿಸಲು ಒಳಗೆ ಹೋಗಬೇಡಿ. 112ಕ್ಕೆ ಇಲ್ಲವೇ 101ಕ್ಕೆ ಫೋನ್ ಮಾಡಿ, ಬಾಟಲಿಯಲ್ಲಿ ಏನಿದೆ, ಎಷ್ಟು ದಿನದ್ದು ಅಂತ ಬಿಡಿಸಿ ಹೇಳಿ. ತೋಟಕ್ಕೆ ಚೆಲ್ಲುತ್ತೇನೆ, ಹೊಳೆಗೆ ಬಿಡುತ್ತೇನೆ ಅಂತ ಕೈಗೆತ್ತಿಕೊಳ್ಳಬೇಡಿ. ಮನೆಯಲ್ಲಿ ಮಕ್ಕಳಿದ್ದಾರಾ? ಉತ್ತರ ಹಾಕಿ.

ಭದ್ರಾವತಿ ಆರ್‌ಸಿ ಕಾರ್: ಯೂಟ್ಯೂಬ್‌ನಲ್ಲಿ ಎಲ್ಲರೂ ಮಾಡುತ್ತಾರಲ್ಲ, ಇಷ್ಟು ಹೆದರಿಸಬೇಕಾ?

ಪೇಂಟರ್: ಹೌದು, ಹೆದರಿಸಬೇಕು. ಆ ಫಾರ್ವರ್ಡ್‌ನಲ್ಲಿ ಬೆರೆಸುವುದು ಬರೆದವನು, ಉಳಿದದ್ದನ್ನು ಇಡಬೇಡಿ ಅಂತ ಯಾಕೆ ಬರೆಯಲಿಲ್ಲ? ಯಾರ ಹತ್ತಿರ ಅದಿದ್ದರೂ ಮುಂದೆ ಕಳಿಸಬೇಡಿ.

ಶಿಕಾರಿಪುರ: ಗಣಪತಿ ಮಂಟಪಕ್ಕೆ ಥರ್ಮೋಕೋಲ್ ಮೇಲೆ ಕ್ರೋಮ್ ನಿಲ್ಲುತ್ತದಾ?

ಕೊಪ್ಪ ಬಸ್ ಮಾಡೆಲ್: ಕರಗಿ ಹೋಗುತ್ತದೆ. ಮೊದಲು ವಾಟರ್ ಬೇಸ್ ಪೇಂಟ್ ಪೂರ್ತಿ ಮುಚ್ಚುವಂತೆ ಬಳಿಯಿರಿ, ಎಲ್ಲೂ ತೂತು ಬಿಡಬೇಡಿ.

ರಿಪ್ಪನ್‌ಪೇಟೆ: ಬುಲೆಟ್ ಸೈಲೆನ್ಸರ್‌ಗೆ ನಡೆಯುತ್ತದಾ? ಹೆಲ್ಮೆಟ್‌ಗೆ?

ಪೇಂಟರ್: ಹೆಲ್ಮೆಟ್‌ಗೆ ಬೇಡ. ಥಿನ್ನರ್ ಚಿಪ್ಪನ್ನು ದುರ್ಬಲ ಮಾಡಬಹುದು, ಹೊರಗೆ ಗೊತ್ತೇ ಆಗುವುದಿಲ್ಲ.

ತೀರ್ಥಹಳ್ಳಿ: ಕ್ಲಿಯರ್ ಹೊಡೆಯದಿದ್ದರೆ ಬಾಳಿಕೆ ಹೇಗೆ?

ಪೇಂಟರ್: ಮೇಲೆ ಹೇಳಿದ್ದೇನೆ.

ಭದ್ರಾವತಿ ಆರ್‌ಸಿ ಕಾರ್: ಹಾರ್ಡ್ನರ್ ಹಾಕುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಹೊಡೆದರೆ ಏನೂ ಆಗುವುದಿಲ್ಲ. ರೂಮಿನ ಬಾಗಿಲು ಹಾಕಿ, ಮುಖಕ್ಕೆ ಟವೆಲ್ ಕಟ್ಟಿ ಹೊಡೆದಿದ್ದೇನೆ. ಪೇಂಟರ್‌ಗಳು ಗುಟ್ಟು ಬಿಡುವುದಿಲ್ಲ ಅಷ್ಟೇ.

ಪೇಂಟರ್: ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಟವೆಲ್ ಅದನ್ನು ತಡೆಯುವುದಿಲ್ಲ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಇದಕ್ಕೇ ಸ್ಪ್ರೇ ಗನ್ ಕೆಳಗಿಟ್ಟರು. ಗುಟ್ಟು ಅಂತೀರಿ, ಬೆಳಗ್ಗೆಯಿಂದ ಬರೆಯುತ್ತಿರುವುದು ಏನು?

ಸೊರಬ: ಕ್ಲಿಯರ್ ಬದಲು ಹೇರ್ ಸ್ಪ್ರೇ ನಡೆಯುತ್ತದೆ ಅಂತ ಇನ್ನೊಂದು ಫಾರ್ವರ್ಡ್ ಇದೆ, ಹಾಕಲಾ?

ಪೇಂಟರ್: ಬೇಡ. ಹೊಸನಗರದವರೇ, ಬಾಟಲಿ ಏನಾಯಿತು?

ಭದ್ರಾವತಿ ಆರ್‌ಸಿ ಕಾರ್: ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಪ್ರಶ್ನೋತ್ತರ ಯಾಕೆ?

ಕೊಪ್ಪ ಬಸ್ ಮಾಡೆಲ್: ಕೇಳಿಲ್ಲ ನೀವು, ವಾದ ಮಾಡಿದ್ದು.

ರಿಪ್ಪನ್‌ಪೇಟೆ: ಸೈಲೆನ್ಸರ್ ಬಗ್ಗೆ ಯಾರೂ ಹೇಳಲಿಲ್ಲ.

ಹೊಸನಗರ: ಫೋನ್ ಮಾಡಿದೆ ಅಣ್ಣ. ಬರುತ್ತಿದ್ದಾರೆ. ಅಮ್ಮ, ಮಕ್ಕಳು ಪಕ್ಕದ ಮನೆಯಲ್ಲಿದ್ದಾರೆ. ಸಿಲ್ವರ್ ನೈಟ್ರೇಟ್ ಪುಡಿ ಇನ್ನೊಂದು ಪೊಟ್ಟಣ ಅಟ್ಟದಲ್ಲಿದೆ, ಅದನ್ನೂ ಹೇಳಬೇಕಾ?

ಪೇಂಟರ್: ಹೇಳಿ. ಬರೀ ಪುಡಿ ತಾನಾಗಿ ಸಿಡಿಯುವುದಿಲ್ಲ, ಆದರೆ ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಅವರು ಬರುವವರೆಗೆ ರಸ್ತೆ ಕಡೆಯೇ ನಿಂತಿರಿ.