ಪಾರೋತಿಗೆ ಒಬ್ಬಳು ಗೆಳತಿ ಇದ್ದಳು

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ಕೇಳಿದೆ. ಈಗ ಅಡುಗೆ ಮುಗಿಸಿ ಕೂತಿದ್ದೇನೆ, ಸ್ವಲ್ಪ ಉದ್ದ ಆಗಬಹುದು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿ ಓದಿ ಮುಗಿಸಿದೆ, ಅದರಲ್ಲಿ ಎಲ್ಲರೂ ಒಂಟಿ, ಒಬ್ಬರಿಗೂ ಫ್ರೆಂಡ್ ಅಂತ ಇಲ್ಲ ಅಂದಿದ್ದೀಯ. ಒಂಟಿ ಅನ್ನುವುದು ಸರಿ. ಎರಡನೆಯ ಮಾತು ನಾನು ಒಪ್ಪುವುದಿಲ್ಲ.

ಪಾರೋತಿಯನ್ನೇ ನೋಡು. ಅವಳಿಗೆ ಮಕ್ಕಳಿಲ್ಲ. ಅದೇ ಕಾರಣಕ್ಕೆ ಅವಳ ಗಂಡ ರಾಮ ಐತಾಳರು ಸತ್ಯಭಾಮೆಯನ್ನು ಎರಡನೆಯ ಮದುವೆಯಾಗಿ ತಂದರು. ಸರಸೋತಿ ಐತಾಳರ ಒಡಹುಟ್ಟಿದವಳು, ಗಂಡನನ್ನು ಕಳೆದುಕೊಂಡು ತವರಲ್ಲೇ ಉಳಿದವಳು. ನಮ್ಮ ಕಡೆ ಅತ್ತಿಗೆ ನಾದಿನಿ ಅಂದರೆ ಮೊದಲು ನೆನಪಾಗುವುದು ಜಗಳ, ಅಲ್ವಾ? ಪಾರೋತಿ, ಸರಸೋತಿಯರದು ಹಾಗಲ್ಲ. ಐತಾಳರು ಪೌರೋಹಿತ್ಯ ಅಂತ ಮನೆಮನೆ ತಿರುಗುವವರು. ಗದ್ದೆ, ದನ, ಗೊಬ್ಬರ, ಕಟ್ಟಿಗೆ ಎಲ್ಲ ಇವರಿಬ್ಬರ ತಲೆ ಮೇಲೆಯೇ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಅವರ ಊರು ಕೋಡಿ. ಅಲ್ಲಿ ಮಳೆಗಾಲ ಕಳೆಯುವುದೇ ಒಂದು ಸಾಹಸ. ನೀನು ಹುಡುಕಿದ್ದು ಕೂತು ಕಷ್ಟಸುಖ ಹೇಳಿಕೊಳ್ಳುವ ಸ್ನೇಹ. ಅವರದು ಒಟ್ಟಿಗೆ ಹೊರೆ ಹೊರುವ ಸ್ನೇಹ.

ನನಗೆ ಇದು ಗೊತ್ತಾದದ್ದು ನಮ್ಮ ಮನೆಯಲ್ಲೇ. ಅಮ್ಮಮ್ಮ ಮತ್ತು ಅವರ ನಾದಿನಿ, ನಾವೆಲ್ಲ ದೊಡ್ಡತ್ತೆ ಅಂತ ಕರೆಯುತ್ತಿದ್ದವರು. ಬೇಸಿಗೆಯಲ್ಲಿ ಇಬ್ಬರೂ ಸೇರಿ ಹಲಸಿನ ಹಪ್ಪಳ ಮಾಡುತ್ತಿದ್ದರು. ಒಬ್ಬರು ಉಂಡೆ ಕಟ್ಟುವುದು, ಒಬ್ಬರು ಒತ್ತುವುದು. ಅಂಗಳದಲ್ಲಿ ದೊಡ್ಡ ಚಾಪೆ ಹಾಸಿ ಒಣಗಿಸುವುದು. ಮಧ್ಯಾಹ್ನ ಮೋಡ ಕಟ್ಟಿದರೆ ಇಬ್ಬರೂ ಓಡುತ್ತಿದ್ದರು. ಒಬ್ಬರು ಈ ತುದಿ, ಒಬ್ಬರು ಆ ತುದಿ. ಒಂದು ಹಪ್ಪಳವೂ ಜಾರದ ಹಾಗೆ ಚಾವಡಿಗೆ ತರುತ್ತಿದ್ದರು. ಬಾ, ಹಿಡಿ ಅಂತ ಯಾರೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಅಮ್ಮಮ್ಮ ಹೋದ ಮರುವರ್ಷ ನೋಡಿದರೆ ದೊಡ್ಡತ್ತೆ ಹಪ್ಪಳವನ್ನು ಗೆರಸೆಯಲ್ಲಿ ಒಣಗಿಸುತ್ತಿದ್ದರು. ಸಣ್ಣ ಸಣ್ಣ ಗೆರಸೆ, ಒಂದರಲ್ಲಿ ಏಳೆಂಟು ಮಾತ್ರ. ಚಾಪೆ ಸುರುಳಿ ಸುತ್ತಿ ಅಟ್ಟದ ಮೇಲೆ ಇತ್ತು. ಯಾಕೆ ಅಂತ ಕೇಳಿದೆ. "ಇದಾದರೆ ಒಬ್ಬಳೇ ಎತ್ತಬಹುದು" ಅಂದರು. ಅಷ್ಟೇ ಅಂದದ್ದು. ನನಗೆ ಆಗ ಹದಿನಾಲ್ಕು. ಚಾಪೆ ತೆಗೆಯಿರಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಈಗಲೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ.

ಅದಕ್ಕೇ ಹೇಳುವುದು, ಪಾರೋತಿ ಹೋದ ಮೇಲಿನ ಸರಸೋತಿಯನ್ನು ಇನ್ನೊಮ್ಮೆ ಓದು. ಅವಳ ಕಷ್ಟ ಮುಗಿಯಲಿಲ್ಲ. ಪಾರೋತಿ ಸ್ವಂತ ಮಗನ ಹಾಗೆ ಪ್ರೀತಿಸಿದ, ಸತ್ಯಭಾಮೆಯ ಮಗ ಲಚ್ಚ ಕೆಟ್ಟುಹೋದ. ಅವನ ಹೆಂಡತಿ ನಾಗವೇಣಿ ಅವನಿಂದ ಪಟ್ಟ ಪಾಡು ಹೇಳಿ ಮುಗಿಯುವುದಲ್ಲ. ಆ ಹುಡುಗಿಗೆ ಬೆನ್ನಾಗಿ ನಿಂತದ್ದು ಇದೇ ಸರಸೋತಿ. ವಯಸ್ಸಿನಲ್ಲಿ ಎಷ್ಟು ಅಂತರ! ಗಂಡ ಇಲ್ಲದವಳು ಒಬ್ಬಳು, ಗಂಡ ಇದ್ದೂ ಇಲ್ಲದವಳು ಒಬ್ಬಳು. ಪಾರೋತಿಯ ಜೊತೆ ಬದುಕಿ ಕಲಿತದ್ದನ್ನೇ ಅವಳು ನಾಗವೇಣಿಗೆ ಕೊಟ್ಟಳು ಅಂತ ನನಗೆ ಅನಿಸುತ್ತದೆ. ಮುಂದೆ ನಾಗವೇಣಿಯ ಮಗ ರಾಮ ಓದಿ, ಅಲೆದು, ಮಣ್ಣಿಗೆ ಮರಳುವಾಗ ಅಲ್ಲಿ ಒಂದು ಮನೆ ಅಂತ ಉಳಿದಿದ್ದರೆ ಅದು ಈ ಹೆಂಗಸರಿಂದ. ರಾಮನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ.

ಕಾರಂತರು 1902ರಲ್ಲಿ ಹುಟ್ಟಿದ್ದು ನಮ್ಮ ಕೋಟದಲ್ಲೇ. ಇಂಥ ಹೆಂಗಸರನ್ನು ಅವರು ಎಳವೆಯಿಂದಲೇ ಕಣ್ಣಾರೆ ಕಂಡಿರಬೇಕು.

ನಿನ್ನ ಪ್ರಾಜೆಕ್ಟ್ ಕೊಡುವುದಕ್ಕೆ ಇನ್ನೂ ಹದಿನೈದು ದಿನ ಇದೆ ಅಂದಿಯಲ್ಲ. ಉಡುಪಿಯಿಂದ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬಾ. ಕೋಡಿಗೆ ಹೋಗಿ ಕಡಲು ನೋಡಿ ಬರೋಣ. ಆಮೇಲೆ ಅಟ್ಟ ಹತ್ತಬೇಕು, ಆ ಚಾಪೆ ಇನ್ನೂ ಅಲ್ಲೇ ಇದೆ. ಕೆಳಗಿಳಿಸಲು ಇಬ್ಬರು ಬೇಕು.