ಹಿತ್ತಲಮನೆ ಬಳಗ: ಚಿಕ್ಕಪ್ಪ ಕಳಿಸಿದ ಚಿತ್ರದ ಮೇಲೆ ನಡೆದ ಚರ್ಚೆ

ಸುಬ್ಬರಾಯ ಚಿಕ್ಕಪ್ಪ, ಬೆಳಿಗ್ಗೆ 6:42
[ಹಲವು ಬಾರಿ ಫಾರ್ವರ್ಡ್ ಆದ ಚಿತ್ರ: "ಗಾಂಜಾದ ಮದ್ದು ಅಮಲಿನಲ್ಲಿಲ್ಲ, ಪರಿಮಳದಲ್ಲಿದೆ! ಮಿರ್ಸೀನ್ ನಿದ್ದೆಗೆ, ಲಿಮೊನೀನ್ ಖಿನ್ನತೆಗೆ, ಪೈನೀನ್ ನೆನಪಿಗೆ, ಲಿನಲೂಲ್ ಆತಂಕಕ್ಕೆ, ಕ್ಯಾರಿಯೊಫಿಲೀನ್ ಮಂಡಿನೋವಿಗೆ. ಐದೂ ಒಂದೇ ಬಾಟಲಿಯಲ್ಲಿ."]
ಬಳಗದ ಎಲ್ಲರಿಗೂ ನಮಸ್ಕಾರ. ಇಂಥದೇ ಎಣ್ಣೆಯ ಬಾಟಲಿಯೊಂದನ್ನು ಮಂಜು ಬೆಂಗಳೂರಿನಿಂದ ಕೊರಿಯರ್ ಮಾಡಿದ್ದಾನೆ. ಮಳೆ ಹಿಡಿದ ಮೇಲೆ ನಿಮ್ಮ ಚಿಕ್ಕಮ್ಮನಿಗೆ ಮೆಟ್ಟಿಲು ಇಳಿಯುವುದೇ ಕಷ್ಟವಾಗಿರುವುದರಿಂದ, ಇಂದು ರಾತ್ರಿಯಿಂದ ನಾಲ್ಕು ಹನಿ ಕೊಡೋಣವೆಂದುಕೊಂಡಿದ್ದೇನೆ. ವಸುಧಾ, ನೀನು ಟೊರಾಂಟೊದಲ್ಲಿ ಔಷಧದ ಅಂಗಡಿಯಲ್ಲೇ ಕೆಲಸ ಮಾಡುವವಳು, ನಿನ್ನ ಅಭಿಪ್ರಾಯ ಬೇಕು. ಹೆಬ್ಬೆರಳು ಎತ್ತಿ ಹೋಗುವಂತಿಲ್ಲ, ಪೂರ್ಣ ವಾಕ್ಯದಲ್ಲಿ ಬರೆಯಬೇಕೆಂಬ ಗುಂಪಿನ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ.

ರಾಘಣ್ಣ, ಬೆಳಿಗ್ಗೆ 6:58
ಕ್ಯಾರಿಯೊಫಿಲೀನ್ ಕಾಳುಮೆಣಸಿನಲ್ಲೂ ಇದೆಯೆಂದು ಒಮ್ಮೆ ತರಬೇತಿ ಶಿಬಿರದಲ್ಲಿ ಕೇಳಿದ್ದೆ. ಹಾಗಿದ್ದರೆ ನಮ್ಮ ಅಟ್ಟದ ಮೇಲೆ ಎರಡು ಕ್ವಿಂಟಲ್ ಮಂಡಿನೋವಿನ ಮದ್ದು ರೇಟು ಏರಲೆಂದು ಕಾದು ಕೂತಿದೆ ಎಂದಾಯಿತು.

ವಸುಧಾ, ಬೆಳಿಗ್ಗೆ 7:20
ಚಿಕ್ಕಪ್ಪ, ಚಿತ್ರದಲ್ಲಿ ಹೆಸರಿಸಿರುವ ಐದೂ ವಸ್ತುಗಳು ಕಟ್ಟುಕಥೆಯಲ್ಲ. ಇವು ಟರ್ಪೀನ್ ಎಂಬ ಕುಟುಂಬಕ್ಕೆ ಸೇರಿದವು. ಐದು ಇಂಗಾಲದ ಐಸೊಪ್ರೀನ್ ತುಂಡುಗಳನ್ನು ಜೋಡಿಸಿ ಗಿಡ ಇವನ್ನು ಕಟ್ಟುತ್ತದೆ. ಎರಡು ತುಂಡು ಸೇರಿದರೆ ಮಿರ್ಸೀನ್, ಲಿಮೊನೀನ್, ಪೈನೀನ್‌ನಂಥ ಹಗುರವಾದ, ಬೇಗ ಹಾರಿಹೋಗುವ ಪರಿಮಳ ಸಿಗುತ್ತದೆ. ಮೂರು ಸೇರಿದರೆ ಕ್ಯಾರಿಯೊಫಿಲೀನ್‌ನಂಥ ತುಸು ಭಾರದ್ದು. ಕಿತ್ತಳೆಯ ಸಿಪ್ಪೆಯನ್ನು ಮಡಿಸಿ ಹಿಂಡಿದಾಗ ಕಣ್ಣಿಗೆ ಚಿಮ್ಮಿ ಉರಿಸುವ ಆ ಸಣ್ಣ ತುಂತುರು ಹೆಚ್ಚುಕಡಿಮೆ ಲಿಮೊನೀನೇ. ಗಾಂಜಾ ಹೂವಿನ ಮೇಲೆ ಇಬ್ಬನಿ ಕೂತಂತೆ ಕಾಣುವ ಅಂಟು ರೋಮಗಳಿರುತ್ತವೆ, ಅಮಲು ತರುವ ಟಿಎಚ್‌ಸಿಯೂ ಈ ಪರಿಮಳಗಳೂ ಹುಟ್ಟುವುದು ಆ ರೋಮಗಳ ತಲೆಯಲ್ಲೇ. ಆದರೆ ಟಿಎಚ್‌ಸಿಗೆ ತನ್ನದೇ ವಾಸನೆ ಇಲ್ಲದಿರುವುದರಿಂದ, ಹೂವನ್ನು ಮೂಸಿ ಅಮಲನ್ನಾಗಲಿ ಮದ್ದಿನ ಗುಣವನ್ನಾಗಲಿ ಅಳೆಯಲು ಬರುವುದಿಲ್ಲ. ನನ್ನ ತಕರಾರು ಇರುವುದು ಆ ಹೆಸರುಗಳ ಮುಂದೆ ಬರೆದ ರೋಗಗಳ ಬಗ್ಗೆ.

ರಾಘಣ್ಣ, ಬೆಳಿಗ್ಗೆ 7:31
ಇದು ಮೆಣಸಿನ ವಿಷಯದಲ್ಲಿ ನಾವು ದಿನಾ ಕಾಣುವುದೇ. ಹೊಸ ಮೆಣಸನ್ನು ಅಂಗಳದಲ್ಲಿ ಒಣಹಾಕಿದ ದಿನ ಇಡೀ ಮನೆ ಘಮ ಎನ್ನುತ್ತದೆ, ನಾಲ್ಕು ವರ್ಷ ಚೀಲದಲ್ಲಿ ಕೂತ ಮೆಣಸನ್ನು ಬೆರಳಲ್ಲಿ ಒಡೆದು ಮೂಸಿದರೆ ಧೂಳಿನ ವಾಸನೆ ಬರುತ್ತದೆ. ಆದರೂ ನಾಲಿಗೆಗೆ ಹಾಕಿದರೆ ಖಾರ ಮಾತ್ರ ಹಾಗೆಯೇ ಇರುತ್ತದೆ, ಏಕೆಂದರೆ ಖಾರ ಪೈಪರೀನ್‌ನದು, ಘಮ ಎಣ್ಣೆಯದು. ವ್ಯಾಪಾರಿಗಳು ಇವೆರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷೆ ಮಾಡಿಸುತ್ತಾರೆ.

ಮಂಜುನಾಥ, ಬೆಳಿಗ್ಗೆ 8:05
ವಸುಧಕ್ಕ, ರಾಘಣ್ಣ, ನಾನು ಚಿತ್ರ ನೋಡಿ ಮರುಳಾಗಿ ಎಣ್ಣೆ ಕೊಂಡವನಲ್ಲ, ಓದಿಯೇ ಕೊಂಡಿದ್ದೇನೆ. 1964ರಲ್ಲಿ ಇಸ್ರೇಲಿನಲ್ಲಿ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿದ ರಾಫೆಲ್ ಮೆಕೂಲಮ್ ಅವರ ತಂಡವೇ 1998ರಲ್ಲಿ "ಪರಿವಾರ ಪರಿಣಾಮ"ದ ಮಾತು ಎತ್ತಿತು. ರಾಜನ ಜೊತೆ ಪರಿವಾರ ನಡೆದಂತೆ, ಮುಖ್ಯ ವಸ್ತುವಿನ ಜೊತೆ ಇತರ ವಸ್ತುಗಳಿದ್ದಾಗ ಅದರ ಕೆಲಸ ಬದಲಾಗುತ್ತದೆ ಎಂಬುದು ಅದರ ತಿರುಳು. 2011ರಲ್ಲಿ ಅಮೆರಿಕದ ನರವೈದ್ಯ ಈಥನ್ ರುಸ್ಸೊ ಇದನ್ನು ಟರ್ಪೀನ್‌ಗಳಿಗೆ ವಿಸ್ತರಿಸಿ ಬರೆದರು. ಕ್ಯಾರಿಯೊಫಿಲೀನ್ ಅಂತೂ ನಮ್ಮ ದೇಹದ ಸಿಬಿ2 ಗ್ರಾಹಿಗೆ (ಗಾಂಜಾದ ವಸ್ತುಗಳು ಅಂಟಿ ಕೆಲಸ ಮಾಡುವ ಜೀವಕೋಶದ ತಾಣಗಳಲ್ಲೊಂದು) ನೇರವಾಗಿ ಅಂಟಿಕೊಳ್ಳುತ್ತದೆ ಎಂದು 2008ರಲ್ಲೇ ತೋರಿಸಲಾಗಿದೆ. ಇಷ್ಟೆಲ್ಲ ಇರುವಾಗ ಅಮ್ಮ ನೋವು ನುಂಗಿಕೊಂಡು ಕೂರಬೇಕೆಂದು ಹೇಳುವುದು ಯಾವ ನ್ಯಾಯ?

ವಸುಧಾ, ಬೆಳಿಗ್ಗೆ 8:34
ಮಂಜು, ನೀನು ಓದಿದ್ದೀಯೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಆ ಓದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಿತ್ತು. 1998ರ ಆ ಲೇಖನ ಗಿಡದ ಪರಿಮಳದ ಬಗ್ಗೆ ಬರೆದದ್ದಲ್ಲ, ನಮ್ಮ ದೇಹವೇ ತಯಾರಿಸುವ 2-ಎಜಿ ಎಂಬ ವಸ್ತು ಮತ್ತು ಅದರ ಜೊತೆಗಿರುವ ಕೊಬ್ಬಿನ ಅಣುಗಳ ಬಗ್ಗೆ ಬರೆದದ್ದು. ರುಸ್ಸೊ ಬರೆದದ್ದು ಬಹಳ ಒಳ್ಳೆಯ ಊಹೆ. ಯಾವ ಯಾವ ಪ್ರಯೋಗ ಆಗಬೇಕು ಎಂಬುದರ ಪಟ್ಟಿಯಂತಿದೆ, ಆಗಿಹೋದ ಪ್ರಯೋಗಗಳ ತೀರ್ಪಿನಂತಲ್ಲ. 2019ರಲ್ಲಿ ಸಿಡ್ನಿಯ ಸಂಶೋಧಕರು ಗಾಂಜಾದ ಮುಖ್ಯ ಟರ್ಪೀನ್‌ಗಳನ್ನು ಜೀವಕೋಶಗಳ ಮೇಲೆ ಪರೀಕ್ಷಿಸಿದಾಗ, ಸಿಬಿ1 ಮತ್ತು ಸಿಬಿ2 ಗ್ರಾಹಿಗಳಲ್ಲಿ ಟಿಎಚ್‌ಸಿ ಮಾಡುವ ಕೆಲಸವನ್ನು ಅವು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಬೇರೆ ಗ್ರಾಹಿಗಳ ಮೂಲಕ ಅವು ಕೆಲಸ ಮಾಡುತ್ತಿರಬಹುದೆಂಬ ವಾದ ಉಳಿದೇ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕ್ಯಾರಿಯೊಫಿಲೀನ್ ವಿಷಯಕ್ಕೆ ಬರೋಣ, ಏಕೆಂದರೆ ಚಿತ್ರದಲ್ಲಿರುವ ಐದರಲ್ಲಿ ಗಟ್ಟಿ ನೆಲೆಯಿರುವುದು ಅದಕ್ಕೇ. 2008ರ ಪ್ರಯೋಗದಲ್ಲಿ ಇಲಿಗಳ ಪಾದದಲ್ಲಿ ಊತ ಬರಿಸಿ, ಕಿಲೋ ತೂಕಕ್ಕೆ 5 ಮಿಲಿಗ್ರಾಂನಂತೆ ಬಾಯಿಯ ಮೂಲಕ ಕೊಟ್ಟಾಗ ಊತ ಚೆನ್ನಾಗಿ ತಗ್ಗಿತು. ಸಿಬಿ2 ಗ್ರಾಹಿಯೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ತಗ್ಗಲಿಲ್ಲ. ಇದು ಸೊಗಸಾದ ಪ್ರಯೋಗ. ಈಗ ಲೆಕ್ಕ ಹಾಕು. 60 ಕಿಲೋ ತೂಕದವರಿಗೆ ನೇರ ಲೆಕ್ಕದಲ್ಲಿ 300 ಮಿಲಿಗ್ರಾಂ ಆಯಿತು. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹಾಗೆ ನೇರವಾಗಿ ತರುವಂತಿಲ್ಲವಾದ್ದರಿಂದ, ರೂಢಿಯಂತೆ ಹನ್ನೆರಡರಿಂದ ಭಾಗಿಸಿದರೂ 25 ಮಿಲಿಗ್ರಾಂ ಬೇಕು. ನಾಲ್ಕು ಹನಿಯೆಂದರೆ ಸುಮಾರು 0.2 ಮಿ.ಲೀ. ಆ ಎಣ್ಣೆಯಲ್ಲಿ ಶೇಕಡಾ 1ರಷ್ಟು ಟರ್ಪೀನ್ ಇದೆಯೆಂದು ಉದಾರವಾಗಿ ಒಪ್ಪಿಕೊಂಡರೂ ಎಲ್ಲ ಸೇರಿ 2 ಮಿಲಿಗ್ರಾಂ, ಅದರಲ್ಲಿ ಐದು ಜನಕ್ಕೆ ಪಾಲು.

ರಾಘಣ್ಣ, ಬೆಳಿಗ್ಗೆ 8:41
ಒಂದು ಗ್ರಾಂ ಮೆಣಸಿನಲ್ಲಿ ಎಷ್ಟಿರುತ್ತದೆ?

ವಸುಧಾ, ಬೆಳಿಗ್ಗೆ 8:44
ತಳಿಯನ್ನೂ ಒಣಗಿಸಿದ ರೀತಿಯನ್ನೂ ಅವಲಂಬಿಸಿ ಕೆಲವು ಮಿಲಿಗ್ರಾಂ ಕ್ಯಾರಿಯೊಫಿಲೀನ್ ಇರುತ್ತದೆ.

ರಾಘಣ್ಣ, ಬೆಳಿಗ್ಗೆ 8:46
ಹಾಗಾದರೆ ಚಿಕ್ಕಮ್ಮ ಮಾಡುವ ಮೆಣಸಿನ ಸಾರಿನ ಒಂದು ಲೋಟದಲ್ಲಿ ಮಂಜುವಿನ ಬಾಟಲಿಯ ನಾಲ್ಕು ಹನಿಗಿಂತ ಹೆಚ್ಚು ಇರಬಹುದು. ಆ ಸಾರು ಕುಡಿಯುತ್ತಿದ್ದರೂ ಅವರ ಮಂಡಿ ಹೀಗಿದೆ ಎಂಬುದನ್ನೂ ಗಮನಿಸಬೇಕು.

ಮಂಜುನಾಥ, ಬೆಳಿಗ್ಗೆ 9:10
ತಮಾಷೆ ಚೆನ್ನಾಗಿದೆ, ರಾಘಣ್ಣ, ಆದರೆ ಸಾರಿನಲ್ಲಿ ಟಿಎಚ್‌ಸಿಯೂ ಗಾಂಜಾದ ಅಮಲು ತರದ ಇನ್ನೊಂದು ಮುಖ್ಯ ವಸ್ತುವಾದ ಸಿಬಿಡಿಯೂ ಇರುವುದಿಲ್ಲ. ಪರಿವಾರ ಎನ್ನುವಾಗ ರಾಜನೂ ಇರಬೇಕಲ್ಲವೇ? ವಸುಧಕ್ಕ ಇನ್ನೊಂದು ಪ್ರಯೋಗವನ್ನು ಬಿಟ್ಟಿದ್ದಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ್ದು ಇಲಿಗಳ ಮೇಲಿನದ್ದಲ್ಲ, ಮನುಷ್ಯರ ಮೇಲಿನದ್ದು. ಟಿಎಚ್‌ಸಿಯಿಂದ ಬರುವ ಆತಂಕವನ್ನು ಲಿಮೊನೀನ್ ತಗ್ಗಿಸಿತೆಂದು ಅವರು ತೋರಿಸಿದ್ದಾರೆ.

ವಸುಧಾ, ಬೆಳಿಗ್ಗೆ 9:26
ಅದನ್ನು ನೀನು ಎತ್ತಿದ್ದು ಒಳ್ಳೆಯದಾಯಿತು, ಇಡೀ ಚರ್ಚೆಯಲ್ಲಿ ನಿನ್ನ ಕಡೆಯ ಅತ್ಯುತ್ತಮ ಸಾಕ್ಷಿ ಅದೇ. 20 ಜನ ಆರೋಗ್ಯವಂತರು ಆವಿಯ ರೂಪದಲ್ಲಿ ಸೇದಿದರು. 30 ಮಿಲಿಗ್ರಾಂ ಟಿಎಚ್‌ಸಿಯೊಂದಿಗೆ ಲಿಮೊನೀನ್ ಸೇರಿಸಿದಾಗ ಹೆದರಿಕೆ, ತಳಮಳಗಳು ಕಡಿಮೆಯಾದವು, ಅದರಲ್ಲೂ 12 ಜನರಿಗೆ ಮಾತ್ರ ಕೊಟ್ಟ 15 ಮಿಲಿಗ್ರಾಂ ಲಿಮೊನೀನ್ ಪ್ರಮಾಣದಲ್ಲಿ ಇದು ಎದ್ದು ಕಂಡಿತು. ಲಿಮೊನೀನ್ ಒಂದನ್ನೇ ಕೊಟ್ಟಾಗ ಅದಕ್ಕೂ ಹುಸಿ ಔಷಧಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಟಿಎಚ್‌ಸಿಯೇ ತಂದ ಆತಂಕವನ್ನು ಅದು ಇಳಿಸಿತೇ ಹೊರತು, ಚಿತ್ರದಲ್ಲಿ ಬರೆದಿರುವಂತೆ ಖಿನ್ನತೆಯನ್ನು ಗುಣಪಡಿಸಿದೆಯೆಂದು ಅಲ್ಲಿ ಎಲ್ಲೂ ಹೇಳಿಲ್ಲ. ಸೇದಿದ ಆವಿಯ ಫಲಿತಾಂಶವನ್ನು ನುಂಗುವ ಎಣ್ಣೆಗೆ ಅಂಟಿಸುವುದೂ ಸರಿಯಲ್ಲ.

ಸುಬ್ಬರಾಯ ಚಿಕ್ಕಪ್ಪ, ಬೆಳಿಗ್ಗೆ 9:40
ಮಿರ್ಸೀನ್ ಮಾವಿನಹಣ್ಣಿನಲ್ಲಿಯೂ ಇದೆಯೆಂದು ಮತ್ತೊಂದು ಚಿತ್ರದಲ್ಲಿ ಓದಿದೆ. ಆಪೂಸು ತಿಂದ ಮಧ್ಯಾಹ್ನ ನಿದ್ದೆ ಎಳೆಯುವುದು ಅದರಿಂದಲೇ ಇರಬಹುದೇ?

ವಸುಧಾ, ಬೆಳಿಗ್ಗೆ 9:48
ಚಿಕ್ಕಪ್ಪ, ಆ ನಿದ್ದೆ ಮಾವಿನ ಜೊತೆ ಉಂಡ ಊಟದ್ದು. ಗಾಂಜಾ ಹೂವಿನಲ್ಲಿ ಮಿರ್ಸೀನ್ ಶೇಕಡಾ 0.5 ದಾಟಿದರೆ ನಿದ್ದೆ, ದಾಟದಿದ್ದರೆ ಚುರುಕು ಎಂಬ ಮಾತು ಇಲ್ಲಿನ ಅಂಗಡಿಗಳಲ್ಲೂ ವೇದವಾಕ್ಯದಂತೆ ಓಡಾಡುತ್ತದೆ, ಅದರ ಹಿಂದೆ ಮನುಷ್ಯರ ಮೇಲಿನ ಪ್ರಯೋಗವಿಲ್ಲ. ಗಾಂಜಾದ ಬಗೆಗಳಿಗೆ ಅಂಟಿಸುವ "ಇಂಡಿಕಾ", "ಸಟೈವಾ" ಎಂಬ ಚೀಟಿಗಳ ಕಥೆಯೂ ಹೀಗೆಯೇ. 2021ರ ಒಂದು ಅಧ್ಯಯನದಲ್ಲಿ ಆ ಚೀಟಿಗಳು ಗಿಡಗಳ ವಂಶಕ್ಕೆ ಸರಿಯಾಗಿ ಹೊಂದಲಿಲ್ಲ, ಮಿರ್ಸೀನ್‌ನಂಥ ಕೆಲವು ಟರ್ಪೀನ್‌ಗಳಿಗೆ ಮಾತ್ರ ಹೊಂದಿದವು. ಬೆಳೆಗಾರರು ಮೂಗಿನಿಂದ ಹೆಸರಿಟ್ಟಿದ್ದಾರೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಗಾಂಜಾ ಎಂದೊಡನೆ ನೆನಪಾಗುವ ಆ ಗಬ್ಬು ನಾತ ಟರ್ಪೀನ್‌ನದೇ ಅಲ್ಲ, ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳದು.

ಮಂಜುನಾಥ, ಬೆಳಿಗ್ಗೆ 10:15
ಒಂದು ಮಾತು ಕೇಳುತ್ತೇನೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳ ತೀವ್ರ ಅಪಸ್ಮಾರಕ್ಕೆ ಶುದ್ಧ ಸಿಬಿಡಿಯ ಎಪಿಡಿಯೊಲೆಕ್ಸ್ ಔಷಧವನ್ನು ಒಪ್ಪಿತು. ಒಂದೇ ಅಣುವಿನ ಔಷಧಕ್ಕೆ ಕೋಟಿಗಟ್ಟಲೆ ಸುರಿದು ಪ್ರಯೋಗ ಮಾಡಿಸುವ ಕಂಪನಿ ಇರುತ್ತದೆ, ಹತ್ತಾರು ಪರಿಮಳಗಳ ಮಿಶ್ರಣಕ್ಕೆ ಯಾರು ಸುರಿಯುತ್ತಾರೆ? ಪುರಾವೆ ಇಲ್ಲ ಎನ್ನುವಾಗ ಯಾರೂ ಹುಡುಕಲೇ ಇಲ್ಲ ಎಂಬುದನ್ನೂ ಹೇಳಬೇಕು.

ವಸುಧಾ, ಬೆಳಿಗ್ಗೆ 10:24
ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಹುಡುಕದೆ ಇದ್ದದ್ದನ್ನು ಸಿಕ್ಕಿತೆಂದು ಚಿತ್ರದಲ್ಲಿ ಅಚ್ಚು ಹಾಕಿ ಮಾರುವುದಕ್ಕೆ ಅದು ಸಬೂಬಾಗುವುದಿಲ್ಲ. ಬಾಟಲಿಯ ಚೀಟಿಯಲ್ಲಿ ಏನಿದೆ ಎಂದು ಓದಿ ಹೇಳುತ್ತೀಯಾ?

ಮಂಜುನಾಥ, ಬೆಳಿಗ್ಗೆ 10:33
30 ಮಿ.ಲೀ. ವಿಜಯಾ (ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರು) ಎಲೆಯ ಸಾರ, ಎಳ್ಳೆಣ್ಣೆಯಲ್ಲಿ. ಆಯುಷ್ ಪರವಾನಗಿಯ ಸಂಖ್ಯೆ ಇದೆ. "ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳತಕ್ಕದ್ದು" ಎಂಬ ಎಚ್ಚರಿಕೆ ಇದೆ. ಕಾನೂನಿನ ಪ್ರಶ್ನೆ ಬರುತ್ತದೆಂದು ಮೊದಲೇ ಹೇಳುತ್ತೇನೆ: 1985ರ ಮಾದಕ ವಸ್ತು ಕಾಯಿದೆಯ ಗಾಂಜಾದ ವ್ಯಾಖ್ಯೆಯಲ್ಲಿ ಹೂಗೊಂಚಲು ಜೊತೆಗಿಲ್ಲದ ಎಲೆಯೂ ಬೀಜವೂ ಸೇರುವುದಿಲ್ಲ. ಟಿಎಚ್‌ಸಿ, ಸಿಬಿಡಿ ಎಷ್ಟೆಷ್ಟು ಎಂದು ಬರೆದಿಲ್ಲ. ಟರ್ಪೀನ್‌ಗಳ ಪ್ರಮಾಣವನ್ನೂ ಬರೆದಿಲ್ಲ.

ವಸುಧಾ, ಬೆಳಿಗ್ಗೆ 10:39
ಸಾರ ತೆಗೆಯುವಾಗ ದ್ರಾವಕವನ್ನು ಕಾಯಿಸಿ ಆವಿ ಮಾಡಿದರೆ ಮೊದಲು ಹಾರುವುದು ಹಗುರವಾದ ಟರ್ಪೀನ್‌ಗಳೇ. ಹೂವನ್ನು ಬರಿದೇ ಒಣಗಿಸಿಟ್ಟರೂ ಅವು ವಾರಗಳಲ್ಲಿ ಇಳಿಯುತ್ತವೆ. ಮಾರುವವರು ಅಳತೆಯನ್ನೇ ಕೊಡದಿರುವಾಗ ಚಿತ್ರದ ಐದು ಹೆಸರುಗಳು ಬಾಟಲಿಯೊಳಗೂ ಇವೆಯೆಂದು ನಂಬುವುದು ಹೇಗೆ?

ಚಿಕ್ಕಮ್ಮ, ಬೆಳಿಗ್ಗೆ 11:02
ಇಷ್ಟು ಹೊತ್ತು ಎಲ್ಲರೂ ನನ್ನ ಮಂಡಿಯ ಬಗ್ಗೆ ಮಾತಾಡಿದಿರಿ, ಸಂತೋಷ. ಹೃದಯದ ಕವಾಟದ ಆಪರೇಷನ್ ಆದಂದಿನಿಂದ ದಿನಾ ಸಂಜೆ ನಾನು ನುಂಗುವ ರಕ್ತ ತೆಳುವಾಗಿಸುವ ಗುಳಿಗೆಗೂ ಈ ಎಣ್ಣೆಗೂ ಆಗಿಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ವಸುಧಾ, ಬೆಳಿಗ್ಗೆ 11:05
ಚಿಕ್ಕಮ್ಮ, ತಪ್ಪು ನನ್ನದು. ಅಂಗಡಿಯಲ್ಲಿ ಯಾರೇ ಬಂದರೂ ಮೊದಲು ಕೇಳುವ ಪ್ರಶ್ನೆಯನ್ನು ಮನೆಯವರಿಗೆ ಕೇಳದೆ ಇಲಿಯ ಲೆಕ್ಕ ಹಾಕುತ್ತ ಕೂತೆ. ಅದು ವಾರ್ಫರಿನ್ ಆಗಿದ್ದರೆ ಈ ಎಣ್ಣೆಯ ಒಂದು ಹನಿಯೂ ಬೇಡ. ಯಕೃತ್ತಿನಲ್ಲಿ ವಾರ್ಫರಿನನ್ನು ಒಡೆಯುವ ಕಿಣ್ವವನ್ನು ಸಿಬಿಡಿ ತಡೆಯಬಲ್ಲದು. ಆಗ ಗುಳಿಗೆಯ ಬಲ ಹೆಚ್ಚಿ ರಕ್ತಸ್ರಾವದ ಅಪಾಯ ಬರುತ್ತದೆ. ಸಿಬಿಡಿ ಆರಂಭಿಸಿದ ಒಬ್ಬ ರೋಗಿಗೆ ವಾರ್ಫರಿನ್ ಪ್ರಮಾಣವನ್ನು ಸುಮಾರು ಶೇಕಡಾ 30ರಷ್ಟು ಇಳಿಸಬೇಕಾಯಿತೆಂಬ ವರದಿ ಪ್ರಕಟವಾಗಿದೆ, ಗಾಂಜಾ ಸೇದುವವರಲ್ಲೂ ಇಂಥ ವರದಿಗಳಿವೆ. ಈ ಬಾಟಲಿಯಲ್ಲಿ ಯಾವುದು ಎಷ್ಟಿದೆ ಎಂಬುದೇ ತಿಳಿಯದಿರುವುದರಿಂದ ವೈದ್ಯರಿಗೂ ಲೆಕ್ಕ ಸಿಗುವುದಿಲ್ಲ.

ಮಂಜುನಾಥ, ಬೆಳಿಗ್ಗೆ 11:12
ಅಮ್ಮಾ, ವಾರ್ಫರಿನ್ ಹೌದು, ಕಳೆದ ತಿಂಗಳ ಚೀಟಿ ನನ್ನ ಫೋನಿನಲ್ಲೇ ಇದೆ. ಬಾಟಲಿಯನ್ನು ತೆರೆಯುವುದು ಬೇಡ. ಸೋಮವಾರ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ) ರಕ್ತಪರೀಕ್ಷೆಗೆ ಹೋಗುವಾಗ ಮಂಡಿಯನ್ನೂ ತೋರಿಸಿಕೊಂಡು ಬರೋಣ, ನಾನು ಭಾನುವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ.

ಸುಬ್ಬರಾಯ ಚಿಕ್ಕಪ್ಪ, ಬೆಳಿಗ್ಗೆ 11:20
ಚಿತ್ರವನ್ನು ಅಳಿಸಿದ್ದೇನೆ. ಇನ್ನಿಬ್ಬರು ಸ್ನೇಹಿತರಿಗೂ ಕಳಿಸಿದ್ದೆ, ಅವರಿಗೆ ವಸುಧಾ ಬರೆದದ್ದನ್ನು ಕಳಿಸುತ್ತೇನೆ.

ಚಿಕ್ಕಮ್ಮ, ಬೆಳಿಗ್ಗೆ 11:31
ಬಾಟಲಿ ನಿನ್ನೆಯೇ ತೆರೆದಾಗಿದೆ, ಮಂಜು. ಪರಿಮಳ ಪರಿಮಳ ಎನ್ನುತ್ತಿದ್ದಿರಲ್ಲ, ಈಗ ಮತ್ತೊಮ್ಮೆ ಮೂಸಿ ನೋಡಿದೆ. ಎಳ್ಳೆಣ್ಣೆಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ.