ರೈಲೇಯ ಸುಣ್ಣಕಲ್ಲಿನ ಬಂಡೆ ಹತ್ತಲು ಹೊರಟಿದ್ದೇವೆ: ಕರಾವಳಿಯವರು ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ಬಂಡೆಮೋಹಿ, ಮಣಿಪಾಲ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದಲ್ಲಿರುವ ರೈಲೇಗೆ ಬಂಡೆ ಹತ್ತಲು ಹೋಗಬೇಕೆಂದು ನಿಶ್ಚಯಿಸಿದ್ದೇವೆ. ನಾವಿಬ್ಬರೂ ಕಾಲೇಜಿನಲ್ಲಿ ಪಾಠ ಮಾಡುವವರಾದ್ದರಿಂದ ರಜೆ ಸಿಗುವುದು ಮೇ ತಿಂಗಳ ಕೊನೆಗೆ, ಇಲ್ಲವೇ ಡಿಸೆಂಬರಿನಲ್ಲಿ. ಬೆಂಗಳೂರಿಗೆ ಹೋದಾಗಲೆಲ್ಲ ಒಳಾಂಗಣದ ಗೋಡೆಯಲ್ಲಿ ಅಭ್ಯಾಸ ಮಾಡುತ್ತೇವೆ. ಬಾದಾಮಿಯ ಮರಳುಗಲ್ಲಿನಲ್ಲಿ ಟಾಪ್ ರೋಪ್ (ಮೇಲಿನಿಂದ ಮೊದಲೇ ಕಟ್ಟಿಟ್ಟ ಹಗ್ಗ) ಹಾಕಿಕೊಂಡು, ದಾರಿಯ ಕಷ್ಟವನ್ನು ಅಳೆಯುವ ಫ್ರೆಂಚ್ ಗ್ರೇಡಿನ 6ಎ ವರೆಗೆ ಹತ್ತುತ್ತೇವೆ. ಸುಲಭದ ದಾರಿಗಳಾದರೆ ನಾವೇ ಮುಂದಾಗಿ ಹಗ್ಗ ಕೊಂಡೊಯ್ದು ಲೀಡ್ ಮಾಡುವಷ್ಟು ತರಬೇತಿಯೂ ಆಗಿದೆ.

ಎರಡು ತಿಂಗಳುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಮೊದಲ ಪ್ರಶ್ನೆ. ಇನ್ನು, ಅಲ್ಲಿಯ ಸೆಕೆಗೆ ಮೈಯನ್ನು ಒಗ್ಗಿಸಿಕೊಳ್ಳಬೇಕೆಂದು ಇಂಗ್ಲಿಷಿನ ಬರಹಗಳೆಲ್ಲ ಒತ್ತಿ ಹೇಳುತ್ತವೆ. ಆದರೆ ಅವು ಚಳಿದೇಶದವರಿಗಾಗಿ ಬರೆದವು. ಏಪ್ರಿಲಿನ ಉಡುಪಿಯಲ್ಲಿ ಬದುಕುವ ನಮಗೂ ಅದು ಅಷ್ಟೇ ಮುಖ್ಯವೇ, ಅಥವಾ ನಾವು ಬೇರೆ ಯಾವುದಕ್ಕಾದರೂ ಹೆಚ್ಚು ಗಮನ ಕೊಡಬೇಕೇ? ಹಗ್ಗ ಸಿಕ್ಕಿಸಲು ಅಲ್ಲಿಯ ಬಂಡೆಯಲ್ಲಿ ಕೂರಿಸಿರುವ ಬೋಲ್ಟುಗಳು ಮುರಿಯುತ್ತವೆ ಎಂದು ಕೇಳಿ ಮನೆಯಲ್ಲಿ ಆತಂಕಪಡುತ್ತಿದ್ದಾರೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಗಡಾಯಿಕಲ್ಲಿನ ನೆರೆಯವ, ಬೆಳ್ತಂಗಡಿ

ಮೇ ತಿಂಗಳು ಖಂಡಿತ ಬೇಡ. ಜೂನಿನ ಹೊತ್ತಿಗೆ ನಮ್ಮ ಕರಾವಳಿಗೆ ಅಪ್ಪಳಿಸುವ ನೈಋತ್ಯ ಮುಂಗಾರೇ ಅಂಡಮಾನ್ ಸಮುದ್ರದ ಆಚೆಗಿರುವ ಕ್ರಾಬಿಯ ದಂಡೆಯನ್ನೂ ತೋಯಿಸುತ್ತದೆ, ಮತ್ತು ಅಲ್ಲಿಗೆ ನಮಗಿಂತ ಸ್ವಲ್ಪ ಮುಂಚೆಯೇ ಬರುತ್ತದೆ. ಮೇ ತಿಂಗಳಿನಿಂದ ಅಕ್ಟೋಬರಿನ ತನಕ ಅಲ್ಲಿ ಮಳೆಗಾಲ. ನವೆಂಬರಿನಿಂದ ಏಪ್ರಿಲಿನವರೆಗೆ ಬಂಡೆ ಹತ್ತುವವರ ಕಾಲ. ರೈಲೇಗೆ ರಸ್ತೆಯೇ ಇಲ್ಲ. ಸುತ್ತಲೂ ಕಡಿದಾದ ಸುಣ್ಣಕಲ್ಲಿನ ಗೋಡೆಗಳಿರುವುದರಿಂದ ಆವ್ ನಾಂಗಿನಂಥ ಊರುಗಳಿಂದ ಉದ್ದ ಬಾಲದ ದೋಣಿಯಲ್ಲೇ ಹೋಗಬೇಕು. ಕಡಲು ಕೆರಳಿದ ದಿನ ಆ ಪ್ರಯಾಣವೂ ಕಷ್ಟವಾಗುತ್ತದೆ. ಮಳೆ ನಿಂತ ಮೇಲೂ ಸುಣ್ಣಕಲ್ಲಿನ ಒಳಗಿನಿಂದ ನೀರು ಒಸರುತ್ತಲೇ ಇರುವುದರಿಂದ, ಹೊರಗೆ ಬಿಸಿಲಿದ್ದರೂ ಹಿಡಿತಗಳು ಜಾರುತ್ತವೆ.

ರಜೆ ಮಾರ್ಚಿಗೆ ಹೊಂದುವಂತಾದರೂ ರೈಲೇ ಆಗಬಹುದು. ಆದರೆ ಆ ತಿಂಗಳಲ್ಲಿ ಉತ್ತರದ ಚಿಯಾಂಗ್ ಮಾಯ್ ಕಡೆಯ ಬಂಡೆಗಳನ್ನು ಆರಿಸಿಕೊಳ್ಳಬೇಡಿ. ಆಗ ಅಲ್ಲಿ ಹೊಲಗದ್ದೆ, ಕಾಡುಗಳ ಬೆಂಕಿಯಿಂದ ಹೊಗೆ ದಟ್ಟವಾಗಿ ಕವಿದಿರುತ್ತದೆ.

ಉತ್ತರ: ದಕ್ಕೆಯ ಇಂಜಿನಿಯರ್, ಮಂಗಳೂರು

ಬೋಲ್ಟಿನ ಬಗ್ಗೆ ನಿಮ್ಮ ಮನೆಯವರು ಕೇಳಿರುವ ಮಾತು ಸತ್ಯ. ಲೋಹದ ಕೆಲಸವೇ ನನ್ನ ವೃತ್ತಿಯಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿರುವ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ. ಕಡಲಗಾಳಿಯೊಂದಿಗೆ ಬಂದು ಕೂರುವ ಉಪ್ಪಿನಲ್ಲಿರುವ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಬಿಗಿದ ಬೋಲ್ಟಿನೊಳಗೆ ಸದಾ ಇರುವ ಎಳೆತವೂ ಉಷ್ಣವಲಯದ ಕಾವೂ ಇದರೊಡನೆ ಸೇರಿದಾಗ, ಚುಚ್ಚಿದ ಆ ಜಾಗದಿಂದ ಕೂದಲೆಳೆಯಂಥ ಬಿರುಕುಗಳು ಹೊರಟು ಲೋಹದ ಒಳಗೊಳಗೇ ಕವಲೊಡೆಯುತ್ತವೆ. ಹೊರಗೆ ಕಾಣುವುದು ಬರೀ ಒಂದು ಕಂದು ಕಲೆ. ಕೆಲವೊಮ್ಮೆ ಅದೂ ಕಾಣುವುದಿಲ್ಲ. ಹೊಸದಾಗಿದ್ದಾಗ ಎರಡು ಸಾವಿರ ಕಿಲೋಗೂ ಮಿಕ್ಕ ಭಾರವನ್ನು ತಡೆಯುವ ಬೋಲ್ಟು, ಈ ರೋಗ ಹತ್ತಿದ ಮೇಲೆ ಒಬ್ಬ ಮನುಷ್ಯ ಸುಮ್ಮನೆ ಜೋತುಬಿದ್ದರೂ ಮುರಿದುಹೋದ ಉದಾಹರಣೆಗಳು ಥಾಯ್ಲೆಂಡಿನಲ್ಲಿವೆ. 304 ಮಾತ್ರವಲ್ಲ, ಕಡಲಿಗೆಂದೇ ಕೊಳ್ಳುವ 316 ದರ್ಜೆಯ ಸ್ಟೀಲೂ ಅಲ್ಲಿ ಕೆಲವೇ ವರ್ಷಗಳಲ್ಲಿ ಸೋತಿದೆ. ಪರ್ವತಾರೋಹಣ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಎ ಈ ವಿಷಯದಲ್ಲಿ ಎಚ್ಚರಿಕೆಯನ್ನೇ ಹೊರಡಿಸಿದೆ.

ನಾವು ಕರಾವಳಿಯವರು ಇಲ್ಲಿ ತಪ್ಪು ತಿಳಿಯುವ ಸಂಭವ ಹೆಚ್ಚು. ಮಳೆಗೆ ನೆನೆದ ಕಬ್ಬಿಣ ಬೇಗ ಹಾಳಾಗುತ್ತದೆ, ಮಾಡಿನ ಕೆಳಗಿದ್ದದ್ದು ಉಳಿಯುತ್ತದೆ ಎಂಬುದು ನಮ್ಮ ದಿನನಿತ್ಯದ ಅನುಭವ. ಈ ಬಿರುಕಿನ ವಿಷಯದಲ್ಲಿ ಅದು ತಿರುಗುಮುರುಗು. ಮಳೆ ಬಡಿಯುವ ಬಂಡೆಯ ಮೇಲಿನ ಉಪ್ಪು ತೊಳೆದುಹೋಗುತ್ತದೆ. ಮುಂಚಾಚಿದ ಬಂಡೆಯ ಅಡಿಯಲ್ಲಿ, ಒಣಗಿಕೊಂಡು ಸುರಕ್ಷಿತವಾಗಿ ಕಾಣುವ ಜಾಗದಲ್ಲಿ, ಅದು ವರ್ಷಗಟ್ಟಲೆ ಶೇಖರವಾಗುತ್ತದೆ. ಆದ್ದರಿಂದ ಒಣ ಬಂಡೆಯ ಹೊಳೆಯುವ ಬೋಲ್ಟನ್ನು ಕಂಡು ನಂಬಬೇಡಿ.

ಇದಕ್ಕೆ ಪರಿಹಾರವಾಗಿ ಅಲ್ಲಿಯ ಆರೋಹಿಗಳು ಟೈಟಾನಿಯಂ ಬೋಲ್ಟುಗಳನ್ನು ಅಂಟಿನಿಂದ ಬಂಡೆಯೊಳಗೆ ಕೂರಿಸುತ್ತ ಬಂದಿದ್ದಾರೆ. ಟೈಟಾನಿಯಂ ದುಬಾರಿ, ಆದರೆ ಆ ಹವೆಯಲ್ಲಿ ಕ್ಲೋರೈಡಿಗೆ ಬಗ್ಗುವುದಿಲ್ಲ. ನೋಡಲು ಅದು ಹೊಳಪಿಲ್ಲದ ಬೂದುಬಣ್ಣದ ಸರಳು. ಬಂಡೆಯಿಂದ ನೇರವಾಗಿ ಹೊರಬಂದ ಕಣ್ಣಿನಂತಿರುತ್ತದೆ, ಅದರಲ್ಲಿ ನಟ್ಟೂ ಇರುವುದಿಲ್ಲ, ಪ್ರತ್ಯೇಕ ತಗಡೂ ಇರುವುದಿಲ್ಲ. ರೈಲೇ ಮತ್ತು ಪಕ್ಕದ ಟೊನ್‌ಸಾಯ್‌ಗಳ ಹೆಚ್ಚು ಬಳಕೆಯ ದಾರಿಗಳಲ್ಲಿ ಈ ಬದಲಾವಣೆ ಆಗಿದೆ. ನಟ್ಟು ಮತ್ತು ತಗಡು ಇರುವ ಹಳೆಯ ಬೋಲ್ಟುಗಳೇ ಕಂಡರೆ, ದಾರಿ ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ. ಯಾವ ದಾರಿಯನ್ನು ಇತ್ತೀಚೆಗೆ ಹೊಸದು ಮಾಡಲಾಗಿದೆ ಎಂಬುದನ್ನು ಅಲ್ಲಿಯ ಆರೋಹಣ ಶಾಲೆಗಳಲ್ಲಿ ಹೋದ ದಿನವೇ ವಿಚಾರಿಸಿ, ಮಾರ್ಗದರ್ಶಿ ಪುಸ್ತಕದ ಹೊಸ ಆವೃತ್ತಿಯನ್ನೇ ಕೊಳ್ಳಿ. ಸುಣ್ಣಕಲ್ಲಿನ ರಂಧ್ರಗಳಲ್ಲಿ ಪೋಣಿಸಿಟ್ಟ ಹಳೆಯ ನೈಲಾನ್ ಪಟ್ಟಿಗಳು ಬಿಸಿಲಿಗೆ ಬಣ್ಣಗೆಟ್ಟು ಗಡುಸಾಗಿದ್ದರೆ ಅವುಗಳ ಮೇಲೆ ಭಾರ ಹಾಕಲೇಬೇಡಿ.

ಪ್ರಶ್ನೆ ಕೇಳಿದವರು: ಬಂಡೆಮೋಹಿ, ಮಣಿಪಾಲ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಿಸೆಂಬರ್ ಎಂದು ನಿರ್ಧರಿಸಿದೆವು. ಬೋಲ್ಟಿನ ವಿವರಣೆಯನ್ನು ಮನೆಯಲ್ಲಿಯೂ ಓದಿ ಹೇಳಿದೆ. ಏನನ್ನು ನೋಡಿ ಬಿಡಬೇಕೆಂಬುದು ಸ್ಪಷ್ಟವಾದ ಮೇಲೆ ಅವರಿಗೂ ಧೈರ್ಯ ಬಂದಿದೆ. ಈಗ ಉಳಿದಿರುವುದು ಅಭ್ಯಾಸದ ವಿಚಾರ. ಇಲ್ಲಿಂದ ಬಾದಾಮಿಗೆ ಪದೇ ಪದೇ ಹೋಗುವುದು ಸಾಧ್ಯವಿಲ್ಲ. ಉಡುಪಿ, ಕಾರ್ಕಳದ ಆಸುಪಾಸಿನಲ್ಲಿ ಇಷ್ಟೊಂದು ಬಂಡೆಗಳಿರುವಾಗ ಅವುಗಳಲ್ಲೇ ಅಭ್ಯಾಸ ಮಾಡಬಹುದೇ?

ಉತ್ತರ: ಪಡುಗಾಳಿ, ಕಾರ್ಕಳ

ತಂಗೀ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ನಮ್ಮ ಕಾರ್ಕಳದ ಗೊಮ್ಮಟನ ಬೆಟ್ಟ ಸಂರಕ್ಷಿತ ಸ್ಮಾರಕ, ಜೊತೆಗೆ ಪೂಜೆ ನಡೆಯುವ ಜಾಗ. ಗಡಾಯಿಕಲ್ಲು ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇವುಗಳಲ್ಲಿ ಎಲ್ಲಿಯೂ ಹಗ್ಗ ಕಟ್ಟಿ ಹತ್ತುವ ಯೋಚನೆ ಮಾಡಬೇಡಿ. ಗಡಾಯಿಕಲ್ಲಿನ 1800ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಿಯಮದಂತೆ ಟಿಕೆಟು ಪಡೆದು ಹತ್ತಿಳಿದರೆ ಕಾಲಿಗೂ ಉಸಿರಿಗೂ ಒಳ್ಳೆಯ ವ್ಯಾಯಾಮ, ಅಷ್ಟೇ. ಊರಿನ ಮುರಕಲ್ಲಿನ ಗೋಡೆಗಳು ಪುಡಿಯಾಗಿ ಉದುರುವುದರಿಂದ ಅವುಗಳನ್ನೂ ಬಿಟ್ಟುಬಿಡಿ.

ನಿಮಗೆ ಬೇಕಾಗಿರುವುದು ಬೆರಳಿನ ಬಲ ಮತ್ತು ಹಗ್ಗದ ಕೆಲಸ. ಬಾದಾಮಿಯಲ್ಲಿ ಅಡ್ಡಡ್ಡ ಸೀಳಿದ ಅಂಚುಗಳನ್ನು ಬೆರಳ ತುದಿಯಿಂದ ಹಿಡಿಯುತ್ತೀರಿ. ರೈಲೇಯ ಸುಣ್ಣಕಲ್ಲಿನಲ್ಲಿ ಇಳಿಬಿದ್ದ ಕೊಳವೆಗಳು, ಕಂಬಗಳು, ಗುಳಿಗಳು ಹೆಚ್ಚು. ಅವುಗಳನ್ನು ಹೆಬ್ಬೆರಳು ಸೇರಿಸಿ ಹಿಂಡಿ ಹಿಡಿಯಬೇಕು, ಎರಡು ಮೊಣಕಾಲುಗಳ ನಡುವೆ ಒತ್ತಿ ನಿಲ್ಲಬೇಕು, ಮತ್ತು ಬಂಡೆ ನಿಮ್ಮ ಕಡೆಗೇ ವಾಲಿರುತ್ತದೆ. ಹೀಗಾಗಿ ಬೆಂಗಳೂರಿನ ಗೋಡೆಗೆ ಹೋದಾಗ ನೇರ ಗೋಡೆಯನ್ನು ಬಿಟ್ಟು ವಾಲಿದ ಗೋಡೆಯಲ್ಲೇ ಸಮಯ ಕಳೆಯಿರಿ. ಮನೆಯಲ್ಲಿ ಬಾಗಿಲಿನ ಮೇಲೆ ಹಲಗೆ ಕಟ್ಟಿ ಬೆರಳಲ್ಲಿ ಜೋತಾಡುವುದಾದರೆ ಈಗಲೇ ಮೆಲ್ಲನೆ ಶುರುಮಾಡಿ. ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ, ಆದರೆ ಬೆರಳಿನ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೊರಡುವ ಮುನ್ನ ಅವಸರದಿಂದ ಶುರುಮಾಡಿದವರೇ ಉಂಗುರ ಬೆರಳನ್ನು ನೋಯಿಸಿಕೊಂಡು ಅಲ್ಲಿ ಸಮುದ್ರ ನೋಡುತ್ತ ಕೂರಬೇಕಾಗುತ್ತದೆ.

ಹಗ್ಗದ ಕೆಲಸ ಇದಕ್ಕಿಂತಲೂ ಮುಖ್ಯ, ಮತ್ತು ಅದಕ್ಕೆ ಬಂಡೆಯೇ ಬೇಕೆಂದಿಲ್ಲ. ದಾರಿಯ ತುದಿ ಮುಟ್ಟಿದ ಮೇಲೆ ತನ್ನನ್ನು ಆ್ಯಂಕರಿಗೆ (ತುದಿಯಲ್ಲಿ ಕೂರಿಸಿದ ಬೋಲ್ಟು, ಉಂಗುರಗಳಿಗೆ) ಪಟ್ಟಿಯಿಂದ ಸಿಕ್ಕಿಸಿಕೊಂಡು, ಹಗ್ಗ ಕೆಳಗೆ ಬೀಳದಂತೆ ಕಟ್ಟಿಕೊಂಡು, ಎಂಟರ ಗಂಟನ್ನು ಬಿಚ್ಚಿ, ಉಂಗುರದೊಳಗೆ ಹಗ್ಗ ತೂರಿಸಿ, ಮತ್ತೆ ಗಂಟು ಹಾಕಿ, ಭಾರ ಕೊಟ್ಟು ಪರೀಕ್ಷಿಸಿ, ಆಮೇಲಷ್ಟೇ ಪಟ್ಟಿಯನ್ನು ಬಿಚ್ಚಬೇಕು. ಈ ಕ್ರಮವನ್ನು ಮನೆಯ ಕಿಟಕಿಯ ಸರಳಿಗೆ ಎರಡು ಕ್ಯಾರಾಬಿನರ್ (ಬಾಗಿಲಿರುವ ಲೋಹದ ಕೊಂಡಿ) ಹಾಕಿಕೊಂಡು, ನೆಲದ ಮೇಲೆ ನಿಂತೇ, ಕೈಗೆ ತಾನಾಗಿ ಬರುವ ತನಕ ಮಾಡಿ. ಇಬ್ಬರೂ ಮಾಡಿ, ಒಬ್ಬರದನ್ನು ಇನ್ನೊಬ್ಬರು ನೋಡಿ. ಟಾಪ್ ರೋಪಿಗೆ ಒಗ್ಗಿದವರು ತಡವರಿಸುವುದು ಇಲ್ಲಿಯೇ.

ಹಗ್ಗ 70 ಮೀಟರಿನದಿರಲಿ. 60 ಮೀಟರಿನ ಹಗ್ಗ ಮಡಚಿದಾಗ 30 ಮೀಟರು ಮಾತ್ರ ಇಳಿಸುತ್ತದೆ, ಮತ್ತು ಅಲ್ಲಿ ಅದಕ್ಕಿಂತ ಉದ್ದದ ದಾರಿಗಳಿವೆ. ಯಾವ ಉದ್ದದ್ದಾದರೂ ಸರಿ, ಬಿಲೇ ಮಾಡುವವರ, ಅಂದರೆ ಕೆಳಗೆ ನಿಂತು ಹಗ್ಗ ಹಿಡಿಯುವವರ, ಕಡೆಯ ತುದಿಗೆ ಗಂಟು ಹಾಕದೆ ಯಾರನ್ನೂ ಮೇಲೆ ಕಳಿಸಬೇಡಿ. ಹಗ್ಗದ ತುದಿ ಬಿಲೇ ಸಾಧನದಿಂದ ಜಾರಿಹೋಗಿ ಬಿದ್ದವರಲ್ಲಿ ಪಳಗಿದ ಆರೋಹಿಗಳೂ ಇದ್ದಾರೆ. ಕ್ವಿಕ್‌ಡ್ರಾಗಳು (ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿಕೊಂಡಿಗಳು) ಹದಿನಾರರಷ್ಟಿದ್ದರೆ ಸಾಕು. ಹೆಲ್ಮೆಟ್ ಇಬ್ಬರಿಗೂ ಇರಲಿ. ಪ್ರತಿದಿನ ಸಂಜೆ ಕ್ಯಾರಾಬಿನರುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಏಕೆಂದರೆ ಅಲ್ಯೂಮಿನಿಯಂ ಕೂಡ ಉಪ್ಪಿಗೆ ಬಿಳಿಬಿಳಿಯಾಗಿ ಕೊರೆದು ಬಾಗಿಲು ಬಿಗಿಯಾಗುತ್ತದೆ. ಮೊದಲ ದಿನ ಪೂರ್ವ ರೈಲೇಯ ‘ಒನ್ ಟೂ ತ್ರೀ’ ಗೋಡೆಯ ಸುಲಭದ ದಾರಿಗಳಲ್ಲಿ ಕಾಲಿಡಿ. ಬಹಳ ಜನ ಹತ್ತಿ ಹತ್ತಿ ಅಲ್ಲಿಯ ಕಲ್ಲು ನುಣುಪಾಗಿದೆ. ನಿಮ್ಮ ಶೂ ಅದರ ಮೇಲೆ ಹೇಗೆ ನಿಲ್ಲುತ್ತದೆ ಎಂದು ಕಡಿಮೆ ಎತ್ತರದಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು.

ಉತ್ತರ: ವೈದ್ಯ, ಕುಂದಾಪುರ

ಸೆಕೆಯ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಬಿಸಿಗೆ ಒಗ್ಗುವುದೆಂದರೆ ರಕ್ತದ ದ್ರವಾಂಶ ಹೆಚ್ಚುವುದು, ಬೆವರು ಬೇಗ ಶುರುವಾಗುವುದು, ಬೆವರಿನಲ್ಲಿ ಉಪ್ಪು ಕಡಿಮೆಯಾಗುವುದು. ಇದಕ್ಕೆ ಒಂದರಿಂದ ಎರಡು ವಾರ ಸಾಕು. ಆದರೆ ಕರಾವಳಿಯಲ್ಲಿ ಹುಟ್ಟಿದ ಮಾತ್ರಕ್ಕೆ ಈ ಗುಣ ಬರುವುದಿಲ್ಲ. ಎ.ಸಿ. ಕೋಣೆಯಲ್ಲಿ ಪಾಠ ಮಾಡಿ ಕಾರಿನಲ್ಲಿ ಮನೆಗೆ ಬರುವವರಾದರೆ ನೀವೂ ಚಳಿದೇಶದವರಿಗಿಂತ ಬಹಳ ಮುಂದಿಲ್ಲ. ಹೊರಡುವ ಮುಂಚಿನ ಎರಡು ವಾರ ದಿನಕ್ಕೆ ಒಂದು ಗಂಟೆಯಾದರೂ ಸಂಜೆಯ ಸೆಕೆಯಲ್ಲಿ ಬೆವರು ಹರಿಯುವಂತೆ ನಡೆಯಿರಿ ಅಥವಾ ಓಡಿ.

ಬರೀ ನೀರನ್ನು ಒಂದೇ ಸಮನೆ ಕುಡಿಯುವುದು ಕೂಡ ಅಪಾಯ, ರಕ್ತದ ಸೋಡಿಯಂ ಇಳಿಯುತ್ತದೆ. ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪೊಟ್ಟಣಗಳನ್ನು ಒಯ್ಯಿರಿ. ಬೆಳಿಗ್ಗೆ ಉಪ್ಪು ಹಾಕಿದ ಗಂಜಿತಿಳಿ ಕುಡಿಯುವ ನಮ್ಮ ರೂಢಿಯೂ ಇದೇ ಕೆಲಸ ಮಾಡುತ್ತದೆ, ಮತ್ತು ಅಕ್ಕಿ ಅಲ್ಲಿಯೂ ಸಿಗುತ್ತದೆ. ಪೂರ್ವಕ್ಕೆ ಮುಖಮಾಡಿದ ಬಂಡೆಯನ್ನು ಮಧ್ಯಾಹ್ನದ ಮೇಲೆ, ಪಶ್ಚಿಮಕ್ಕೆ ಮುಖಮಾಡಿದ್ದನ್ನು ಬೆಳಿಗ್ಗೆ ಹತ್ತಿದರೆ ನೆರಳು ಸಿಗುತ್ತದೆ. ಹತ್ತುವ ಮುಂಚೆ ಸಮುದ್ರದಲ್ಲಿ ಈಜಬೇಡಿ. ನೆನೆದು ಮೆತ್ತಗಾದ ಅಂಗೈಯ ಚರ್ಮ ಸುಣ್ಣಕಲ್ಲಿನ ಚೂಪಿಗೆ ಕೂಡಲೇ ಹರಿಯುತ್ತದೆ.

ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುವುದರಿಂದ ಬಿಲೇ ಮಾಡುತ್ತ ನಿಂತವರ ಕಾಲು ಮುಚ್ಚಿರಲಿ, ಸೊಳ್ಳೆಮುಲಾಮು ಹಚ್ಚಿರಲಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ರಕ್ತಪರೀಕ್ಷೆ ಮಾಡಿಸಿ. ಬೆರಳುನೋವಿಗೆಂದು ಒಯ್ದ ಐಬುಪ್ರೊಫೇನನ್ನು ಆಗ ಮುಟ್ಟಬೇಡಿ, ಡೆಂಗಿಯಾಗಿದ್ದರೆ ಅದು ರಕ್ತಸ್ರಾವವನ್ನು ಹೆಚ್ಚಿಸಬಹುದು. ಟಿಟಿ ಇಂಜೆಕ್ಷನ್ ತೆಗೆದುಕೊಂಡು ಹತ್ತು ವರ್ಷ ಕಳೆದಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ.

ಉತ್ತರ: ಗಡಾಯಿಕಲ್ಲಿನ ನೆರೆಯವ, ಬೆಳ್ತಂಗಡಿ

ಎರಡು ಮಾತು ಬಿಟ್ಟುಹೋಗಿತ್ತು. ಪ್ರಯಾಣವಿಮೆ ಕೊಳ್ಳುವಾಗ ಬಂಡೆ ಹತ್ತುವುದು ಅದರಲ್ಲಿ ಸೇರಿದೆಯೇ ಎಂದು ಪತ್ರದಲ್ಲಿ ಓದಿಯೇ ಹಣ ಕಟ್ಟಿ. ಸಾಮಾನ್ಯ ವಿಮೆಗಳು ಸಾಹಸ ಕ್ರೀಡೆಗಳನ್ನು ಹೊರಗಿಡುವುದೇ ಹೆಚ್ಚು. ದೋಣಿಯಿಂದ ಇಳಿದು ಹೋಗಬೇಕಾದ ಜಾಗ ಅದಾಗಿರುವುದರಿಂದ, ಗಾಯವಾದವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಅದರಲ್ಲಿರಲಿ. ಇನ್ನೊಂದು, ಅಲ್ಲಿ ಭರತ ಇಳಿತಗಳ ಅಂತರ ನಮ್ಮ ಮಲ್ಪೆಯಲ್ಲಿ ಕಾಣುವುದಕ್ಕಿಂತ ದೊಡ್ಡದು, ಅದರಲ್ಲಿಯೂ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ. ರೈಲೇಯಿಂದ ಟೊನ್‌ಸಾಯ್‌ಗೆ ಇಳಿತದ ಹೊತ್ತಿನಲ್ಲಿ ದಂಡೆಯ ಕಲ್ಲುಗಳ ಮೇಲೆ ನಡೆದುಹೋಗಬಹುದು. ನೀರು ಏರಿದ ಮೇಲೆ ಆ ದಾರಿ ಮುಚ್ಚುತ್ತದೆ, ಕಾಡಿನ ದಾರಿ ಹಿಡಿಯಬೇಕು ಅಥವಾ ದೋಣಿ ಕಾಯಬೇಕು. ಆ ದಿನಗಳ ಭರತದ ವೇಳಾಪಟ್ಟಿಯನ್ನು ಹೊರಡುವ ಮುಂಚೆಯೇ ಬರೆದಿಟ್ಟುಕೊಂಡು, ಅದನ್ನು ನೋಡಿ ಆಯಾ ದಿನದ ಬಂಡೆಯನ್ನು ಆರಿಸಿಕೊಳ್ಳಿ. ತಲೆಗೆ ಕಟ್ಟುವ ಟಾರ್ಚು ಚೀಲದಲ್ಲಿರಲಿ.